ಡಾಕ್ಟರಿಗೂ ಹಲ್ಲುಂಟು

ಡಾಕ್ಟರಾದವನಿಗೆ ಕಾಯಿಲೆ ಬರಬಾರದು. ಬಂದರೂ ಯಾರಿಗೂ ಕಾಣಿಸಬಾರದು. ಕದ್ರಿಯಲ್ಲಿ ದವಾಖಾನೆ ತೆರೆದ ಮೇಲೆ ನಾನು ಕಲಿತ ಮೊದಲ ಪಾಠ ಇದು. ಒಮ್ಮೆ ನೆಗಡಿಯಾಗಿ ಸೀನಿದ್ದಕ್ಕೆ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು, "ನೀವು ಮೊದಲು ಯಾರಿಗಾದರೂ ತೋರಿಸಿ ಮಾರಾಯ್ರೆ" ಎಂದು ಎದ್ದೇ ಹೋದರು. ದಣಿದವರಿಗೆಲ್ಲ ವಿಶ್ರಾಂತಿ ಹೇಳುವ ಅಧಿಕಾರ ನನಗುಂಟು. ಆದರೆ ನಾನು ಮಧ್ಯಾಹ್ನ ಚಾಪೆ ಹಾಸಿದರೆ ಸಾಕು, "ಡಾಕ್ಟ್ರಿಗೆ ಎಂತ ಆಯ್ತು?" ಎಂದು ಬೀದಿಯೇ ಜಗಲಿಗೆ ಬರುತ್ತದೆ. ಬಂದವರು ಹೇಗೂ ಬಂದೆವಲ್ಲ ಎಂದು ತಮ್ಮ ಸೊಂಟನೋವನ್ನೂ ತೋರಿಸಿಯೇ ಹೋಗುತ್ತಾರೆ.

ಹೀಗಿರುವಾಗ ನನ್ನ ದವಡೆ ಹಲ್ಲು ಕೈಕೊಟ್ಟಿತು. "ಇವತ್ತೊಂದು ದಿನ ಬಾಗಿಲು ಹಾಕಿ ಮಲಗಿ" ಎಂದಳು ಹೆಂಡತಿ.

"ಜನ ಎಂತ ಹೇಳ್ತಾರೆ?"

"ಹಲ್ಲುನೋವು ಅಂತ ಹೇಳ್ತಾರೆ."

ಅದೇ ಬೇಡವಾಗಿತ್ತು. ಕಪಾಟಿನಲ್ಲಿ ಲವಂಗದ ಎಣ್ಣೆಯೇನೋ ಇತ್ತು. ಹಚ್ಚಿಕೊಂಡರೆ ಅದರ ವಾಸನೆ ನನಗಿಂತ ಮೊದಲು ರೋಗಿಯ ಮನೆ ಸೇರುತ್ತದೆ. ಹಾಗಾಗಿ ಬರಿ ಹಲ್ಲಿನಲ್ಲೇ, ಕೆನ್ನೆಯ ಬಾವನ್ನು ಮುಗುಳ್ನಗೆಯೆಂದು ತೋರಿಸುತ್ತ, ಜ್ವರದಿಂದ ಮಲಗಿದ್ದ ಹಿರಿಯ ಕ್ರೈಸ್ತ ಹೆಂಗಸು ನತಾಲ್ ಬಾಯಿಯವರನ್ನು ನೋಡಲು ಹೊರಟೆ.

ನಾಡಿ ಹಿಡಿದೆ. ಜ್ವರ ಇಳಿದಿತ್ತು, ನಾಡಿ ಚೆನ್ನಾಗಿತ್ತು. ಅದನ್ನು ಹೇಳಲು ಬಾಯಿ ತೆರೆದೆ, ಗಾಳಿ ಹಲ್ಲಿಗೆ ತಾಗಿತು. ಮುಖ ಹಿಂಡಿಕೊಂಡಿತು, ಕಣ್ಣಲ್ಲಿ ನೀರು ತುಂಬಿತು. ರೋಗಿಯ ಮನೆಯವರು ಡಾಕ್ಟರ ಮಾತಿಗೆ ಕಾಯುವುದಿಲ್ಲ, ಅವನ ಮುಖ ನೋಡಿಯೇ ತೀರ್ಮಾನಿಸುತ್ತಾರೆ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗ ಪಾವ್ಲು ಕೊನೆಯ ಪ್ರಾರ್ಥನೆಗೆ ಪಾದ್ರಿಗಳನ್ನು ಕರೆತರಲು ಬರಿಗಾಲಲ್ಲೇ ಓಡಿದ. ಯಾರೋ ಮೇಣದಬತ್ತಿ ಹಚ್ಚಿದರು. ಹಾಗಲ್ಲವೆಂದು ನಾನು ತಲೆಯಾಡಿಸಿದೆ. ಅಳು ಇನ್ನೂ ಜೋರಾಯಿತು.

"ನಿಜ ಹೇಳಿ ಡಾಕ್ಟ್ರೇ, ಇನ್ನೆಷ್ಟು ಹೊತ್ತು ಉಂಟು ನನಗೆ?" ಎಂದರು ನತಾಲ್ ಬಾಯಿ. ನಿಜ ಹೇಳಿದರೆ ನನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಗುಣವಾದ ಹೆಂಗಸು ಹೆದರಿಯೇ ಹೋಗುತ್ತಾರೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

"ನಿಮಗೆ ಎಂತದೂ ಇಲ್ಲ ಬಾಯಮ್ಮ. ನನಗೆ ಹಲ್ಲುನೋವು."

ಅಳು ನಿಂತಿತು. ನತಾಲ್ ಬಾಯಿ ಎದ್ದು ಕೂತು ನನ್ನ ಗಲ್ಲ ಹಿಡಿದರು. "ಬಾಯಿ ತೆರೀರಿ. ಅಯ್ಯೋ ದೇವರೇ, ಇಷ್ಟು ಬಾವು ಇಟ್ಟುಕೊಂಡು ಊರು ತಿರುಗ್ತೀರಲ್ಲ, ಬುದ್ಧಿ ಉಂಟಾ ನಿಮಗೆ? ಮಲಗಿ ಇಲ್ಲಿ!" ಎಂದು ಮಂಚದಿಂದ ಇಳಿದು, ಅದರ ಮೇಲೆ ನನ್ನನ್ನು ಮಲಗಿಸಿ, ಬಾಯಿ ಮುಕ್ಕಳಿಸಲು ಪೇರಳೆ ಚಿಗುರು ಕುದಿಸಿ ತರುವಂತೆ ಸೊಸೆಯನ್ನು ಅಟ್ಟಿದರು. ನನ್ನ ಕೆನ್ನೆಗೊಂದು ಬಟ್ಟೆಯನ್ನೂ ಬಿಗಿದರು. ಎಷ್ಟೋ ವರ್ಷಗಳಿಂದ ಯಾರೂ ನನ್ನನ್ನು ಹಾಗೆ ಗದರಿಸಿರಲಿಲ್ಲ. ಹಿತವಾಗಿತ್ತು.

ಅಷ್ಟರಲ್ಲಿ ಪಾದ್ರಿಗಳು ಏದುಸಿರು ಬಿಡುತ್ತ ಬಂದರು. ರೋಗಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ, ಡಾಕ್ಟರು ಮಂಚದ ಮೇಲೆ ಬಿದ್ದಿದ್ದಾರೆ. ಅವರು ಬಾಗಿಲಲ್ಲಿ ಕ್ಷಣಹೊತ್ತು ನಿಂತು, ಕೊನೆಗೆ ನನ್ನ ಕಡೆಗೇ ಬಂದರು.

ಸುದ್ದಿ ಕದ್ರಿಯಿಡೀ ಹಬ್ಬಿತು. ಈಗ ಹಲ್ಲುನೋವಿನವರೆಲ್ಲ ನನ್ನ ದವಾಖಾನೆ ದಾಟಿ ನತಾಲ್ ಬಾಯಿಯವರಲ್ಲಿಗೇ ಹೋಗುತ್ತಾರೆ. ಹೋಗಲಿ, ಅದರಲ್ಲಿ ನನಗೆ ಬೇಸರವಿಲ್ಲ. ಆದರೆ ಅವರ ಮುಂಬಾಗಿಲ ತುಂಬ ನನ್ನ ರೋಗಿಗಳೇ ಕೂತಿರುವುದರಿಂದ, ನನ್ನ ಹಲ್ಲು ತೋರಿಸಲು ನಾನು ಮಾತ್ರ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಬೇಕಾಗಿದೆ.