ಕೊಡಗು ತೋರಿಸಲು ಹೋಗಿ ಮಾನ ಕಳೆದುಕೊಂಡದ್ದು

ಭೂಮಿ ಬಾಯಿ ಬಿಡಬಾರದೇ ಎನ್ನಿಸುವ ಪ್ರಸಂಗ ಬೇರೆಯವರಿಗೆ ಜನ್ಮಕ್ಕೊಂದೋ ಎರಡೋ ಬರುತ್ತವೆ. ನನಗೆ ಸಂಬಳದ ಹಾಗೆ ತಿಂಗಳು ತಿಂಗಳೂ ಬರುತ್ತಿದ್ದವು. ಕೊಡಗು ಆಗ ತನ್ನದೇ ಮುಖ್ಯಮಂತ್ರಿ ಇದ್ದ ಪುಟ್ಟ ರಾಜ್ಯ. ಹೊರಗಿನ ಜನ ಬಂದು ನಮ್ಮ ಬೆಟ್ಟಗುಡ್ಡ ನೋಡಲಿ ಎಂದು ಮಡಿಕೇರಿಯಲ್ಲಿ ಒಂದು ಕೋಣೆಯ ಕಚೇರಿ ತೆರೆದಿದ್ದರು. ಅದರಲ್ಲಿ ಇದ್ದದ್ದು ಸಾಹೇಬರು, ಜೀಪಿನ ಡ್ರೈವರ್, ಮತ್ತೆ ನಾನು. ಸಾಹೇಬರು ಯೋಚನೆ ಮಾಡುತ್ತಿದ್ದರು, ಡ್ರೈವರ್ ಗಾಡಿ ಓಡಿಸುತ್ತಿದ್ದ, ಮಾನ ಹೋಗುವ ಕೆಲಸ ನನ್ನ ಪಾಲಿಗೆ.

ಮಂಜಿನೊಳಗಿನ ನೋಟ

ಮೈಸೂರಿನಿಂದ ಪತ್ರಿಕೆಯವರು ನಾಲ್ಕೈದು ಜನ ಬಂದಿದ್ದರು. ರಾಜಾಸೀಟಿಗೆ ಕರಕೊಂಡು ಹೋದೆ. ಮಂಜೆಂದರೆ ಮಂಜು, ಹಿಡಿದ ಕೊಡೆಯ ತುದಿ ಕಾಣದು. ವಾಪಸು ಹೋಗೋಣವೆಂದರೆ ಸಾಹೇಬರು ಬೈಯುತ್ತಾರೆ. ಬಾಯಿಪಾಠ ಮಾಡಿಟ್ಟದ್ದು ಹೇಗೂ ಇತ್ತಲ್ಲ, ಶುರು ಮಾಡಿಯೇಬಿಟ್ಟೆ.

"ಇಗೋ, ನಿಮ್ಮ ಮುಂದೆ ಆಳವಾದ ಕಣಿವೆ. ಅದರಾಚೆ ಬೆಟ್ಟಗಳ ಸಾಲು. ಇಂಥ ದೃಶ್ಯ ಇಡೀ ದೇಶದಲ್ಲಿ ಇನ್ನೆಲ್ಲೂ ಸಿಕ್ಕೋದಿಲ್ಲ!"

ಅಷ್ಟು ಹೇಳುವುದಕ್ಕೂ ಗಾಳಿ ಬೀಸಿ ಮಂಜು ಸರಿಯುವುದಕ್ಕೂ ಸರಿಹೋಯಿತು. ಕಣಿವೆ ನಮ್ಮ ಬೆನ್ನ ಹಿಂದಿತ್ತು. ನಾನು ಕೈ ಚಾಚಿ ತೋರಿಸುತ್ತಿದ್ದದ್ದು ತೋಟದ ಮಾಲಿಯ ಹಿತ್ತಲು. ಅಲ್ಲಿ ಮಾಲಿ ಮೈಗೆಲ್ಲ ಸೋಪು ಹಚ್ಚಿಕೊಂಡು, ಚೊಂಬು ಹಿಡಿದು, ಚಳಿಗೆ ನಡುಗುತ್ತ ಕೂತಿದ್ದ. ನನ್ನ ವರ್ಣನೆಯನ್ನೆಲ್ಲ ಕೇಳಿಸಿಕೊಂಡಿದ್ದ ಅಂತ ಕಾಣುತ್ತದೆ.

"ನೀರು ಆರ್ತಾ ಉಂಟು ಸ್ವಾಮೀ," ಅಂದ. "ನಾನು ಹೊಯ್ಕೊಳ್ಲಾ, ಅಲ್ಲ ಇನ್ನೂ ಹೇಳ್ಲಿಕ್ಕೆ ಉಂಟಾ?"

ಭಾರತದ ಸ್ಕಾಟ್ಲೆಂಡ್

'ಭಾರತದ ಸ್ಕಾಟ್ಲೆಂಡಿಗೆ ಬನ್ನಿ' ಎಂದು ಸಾಹೇಬರು ದೊಡ್ಡ ಅಕ್ಷರದಲ್ಲಿ ಭಿತ್ತಿಪತ್ರ ಹಾಕಿಸಿದರು. ಅದನ್ನು ನಾನು ಪೇಟೆಯಲ್ಲಿ ಅಂಟಿಸುತ್ತಿದ್ದಾಗ, ಎಸ್ಟೇಟು ನಡೆಸುತ್ತಿದ್ದ ಒಬ್ಬ ಮುದಿ ದೊರೆ ಕಾರು ನಿಲ್ಲಿಸಿದ. ಕೂಲಿಗಳ ಜೊತೆ ಮಾತಾಡಿ ಮಾತಾಡಿ ಕಲಿತ ಕನ್ನಡ ಅವನದು.

"ನೀ ಸ್ಕಾಟ್ಲೆಂಡ್ ನೋಡಿದ್ದೀ?"

"ಇಲ್ಲ ದೊರೆ."

"ನಾ ಅಲ್ಲೇ ಹುಟ್ಟಿದ್ದು. ಅಲ್ಲಿ ಭಾಳ ಮಳೆ, ಭಾಳ ಚಳಿ ಅಂತ ಇಲ್ಲಿ ಓಡಿ ಬಂದೆ." ಮಳೆನೀರು ಸೋರುತ್ತಿದ್ದ ತನ್ನ ಟೋಪಿ ತೆಗೆದು ಕೊಡವಿದ. "ಇದೂ ಸ್ಕಾಟ್ಲೆಂಡ್ ಅಂತ ನಂಗೆ ಯಾರೂ ಮೊದಲೇ ಹೇಳಿಲ್ಲ!"

ಮದುಮಗ

ಮೈಸೂರಿನ ವಸ್ತುಪ್ರದರ್ಶನದಲ್ಲಿ ನಮ್ಮದೊಂದು ಮಳಿಗೆ ಇತ್ತು. ಜೇನು, ಕಿತ್ತಳೆ, ಏಲಕ್ಕಿ ಇಟ್ಟಿದ್ದೆವು. ಅಷ್ಟು ಸಾಲದು, ಕೊಡವರ ಉಡುಪಿನಲ್ಲಿ ಒಬ್ಬ ನಿಂತಿರಬೇಕು ಅಂದರು ಸಾಹೇಬರು. ನಾನು ಶನಿವಾರಸಂತೆ ಕಡೆಯ ಶಿವಭಕ್ತರ ಮನೆಯವನು. ಹುಟ್ಟಿದಂದಿನಿಂದ ಉಟ್ಟದ್ದು ಪಂಚೆ, ಕಟ್ಟಿದ್ದು ಲಿಂಗ. "ನನಗೆ ಒಪ್ಪೋದಿಲ್ಲ ಸಾರ್" ಅಂದೆ. "ಮೈಸೂರಿನವರಿಗೆ ಏನ್ರೀ ಗೊತ್ತಾಗುತ್ತೆ?" ಅಂದರು. ಎಲ್ಲಿಂದಲೋ ಒಂದು ಬಿಳಿ ಕುಪ್ಯ, ಅಂದರೆ ಕೊಡವರ ಉದ್ದನೆಯ ನಿಲುವಂಗಿ, ತಂದು ತೊಡಿಸಿ, ಸೊಂಟಕ್ಕೆ ಕೆಂಪು ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿ, ನಗುತ್ತಾ ಇರು ಎಂದು ಹೇಳಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಗಿರಿಜಾಮೀಸೆಯ ನಿವೃತ್ತ ಸುಬೇದಾರರೊಬ್ಬರು ಹೆಂಡತಿಯ ಜೊತೆ ಬಂದರು. ಪ್ರೀತಿಯಿಂದ ಕೊಡವ ಭಾಷೆಯಲ್ಲಿ ಏನೋ ಕೇಳಿದರು. ನಾನು ನಕ್ಕೆ. ಮತ್ತೊಂದು ಕೇಳಿದರು. ಇನ್ನೂ ಜೋರಾಗಿ ನಕ್ಕೆ. ಅವರು ಕನ್ನಡಕ್ಕೆ ತಿರುಗಿದರು.

"ಎಲ್ಲಿ, ಹೆಣ್ಣು ಎಲ್ಲಿ?"

"ಯಾವ ಹೆಣ್ಣು ಸಾರ್?"

"ನಾವೆಲ್ಲ ಹಾಕೋದು ಕಪ್ಪು ಕುಪ್ಯ ಮಾರಾಯ. ಬಿಳೀದು ಮದುವೆ ದಿನ ಗಂಡು ಹಾಕೋದು. ಇವತ್ತು ಮದುವೆ ಅಲ್ವಾ ನಿಂಗೆ?"

ಸುತ್ತ ಜನ ಸೇರಿಬಿಟ್ಟರು. ನನಗೆ ಮದುವೆಯಾಗಿ ಮಕ್ಕಳೂ ಇದ್ದಾವೆ ಎಂದು ತೊದಲಿದೆ. ಸುಬೇದಾರರ ಮುಖ ಗಂಟಾಯಿತು. ಅವರ ಹೆಂಡತಿ ಮಾತ್ರ ಗಂಡನ ತೋಳು ಹಿಡಿದು ಎಳೆದರು.

"ಸುಮ್ನಿರಿ. ಹೆಣ್ಣು ಬರ್ಲಿಲ್ಲ ಅಂತ ಕಾಣ್ತದೆ. ಪಾಪ, ತಲೆ ಕೆಟ್ಟು ಇಲ್ಲಿ ಬಂದು ನಿಂತಿದ್ದಾನೆ."

ಆ ತಾಯಿ ಕನಿಕರಪಟ್ಟು ಒಂದು ಬಾಟಲಿ ಜೇನು ಕೊಂಡರು. ಅವತ್ತು ವ್ಯಾಪಾರವಾದದ್ದು ಅದೊಂದೇ.

ಕಕ್ಕಬೆಯ ಸ್ವಾಗತ

ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಬೊಂಬಾಯಿಯಲ್ಲಿ ಪ್ರವಾಸದ ಏಜೆನ್ಸಿ ಇಟ್ಟುಕೊಂಡಿದ್ದ ಒಬ್ಬ ಸೇಠ್ ಮತ್ತು ಅವರ ಹೆಂಡತಿ ಬರುವವರಿದ್ದರು. ಅವರಿಗೆ ಮೆಚ್ಚುಗೆಯಾದರೆ ವರ್ಷವಿಡೀ ಜನ ಕಳಿಸುತ್ತಾರೆ ಎಂದು ಸಾಹೇಬರ ಲೆಕ್ಕ. ಹೋಟೆಲುಗಳು ಆಗ ಎಲ್ಲಿದ್ದವು? ಕಕ್ಕಬೆಯ ಒಬ್ಬ ಪ್ಲಾಂಟರನ್ನು ಒಪ್ಪಿಸಿ, ಅವರ ಮನೆಯಲ್ಲೇ ಅತಿಥಿಗಳು ಉಳಿಯುವ ಹಾಗೆ ಏರ್ಪಾಡಾಯಿತು. "ಜೀಪು ಕಂಡ ಕೂಡಲೇ ಸ್ವಾಗತಕ್ಕೆ ಒಂದು ಗುಂಡು ಹಾರಿಸ್ತೇನೆ" ಎಂದು ಪ್ಲಾಂಟರು ಮಾತು ಕೊಟ್ಟಿದ್ದರು. ಅದನ್ನು ನಾನು ದಾರಿಯುದ್ದಕ್ಕೂ ಸೇಠರಿಗೆ ಹೇಳಿ ಹೇಳಿ ಆಸೆ ಹುಟ್ಟಿಸಿದ್ದೆ.

ಮನೆ ಇನ್ನೂ ಸ್ವಲ್ಪ ದೂರವಿರುವಾಗ ಜೀಪು ಬಿಸಿಯಾಗಿ ನಿಂತಿತು. ಡ್ರೈವರ್ ನೀರು ತರಲು ತೋಡಿಗಿಳಿದ. ಅಷ್ಟರಲ್ಲಿ ಮೇಲಿನ ಮನೆಯ ಕಡೆಯಿಂದ ಢಂ! ಹಿಂದೆಯೇ ಇನ್ನೊಂದು, ಢಂ!

"ನಿಮಗೇ!" ಎಂದೆ. "ಒಂದು ಅಂದಿದ್ದರು, ಎರಡು ಹಾರಿಸಿದ್ದಾರೆ!"

ಸೇಠರು ಜೀಪಿನಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರ ಹೆಂಡತಿಯೂ ಹೊಡೆದರು. ನಾನೂ ಹೊಡೆದೆ. ನೋಡುನೋಡುತ್ತಿದ್ದಂತೆ ಕಾಫಿ ತೋಟಗಳ ನಡುವಿನಿಂದ ಜನ ಒಬ್ಬೊಬ್ಬರಾಗಿ ಮೇಲಿನ ಮನೆಯ ಕಡೆ ಧಾವಿಸತೊಡಗಿದರು.

"ನೋಡಿ, ಇಡೀ ಊರು ನಿಮ್ಮನ್ನು ನೋಡೋಕೆ ಬರ್ತಿದೆ," ಎಂದೆ.

ದಂಪತಿ ಹಲ್ಲು ಕಿರಿದು, ಬಂದ ಬಂದವರಿಗೆಲ್ಲ ಕೈ ಬೀಸಿದರು. ಯಾರೂ ತಿರುಗಿ ನಗಲಿಲ್ಲ. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಷ್ಟು ಭಾವುಕ ಜನ!" ಎಂದರು ಸೇಠಾಣಿ.

ಡ್ರೈವರ್ ಏದುಸಿರು ಬಿಡುತ್ತಾ ತೋಡಿನಿಂದ ಹತ್ತಿ ಬಂದ. "ಅಯ್ಯೋ ಸಾರ್, ಎಂತ ಕೈತಟ್ಟೋದು! ಜೋಡಿ ಗುಂಡು ಹೊಡೆದ್ರೆ ಸಾವು ಸಾರ್, ಸಾವು!"

ತೀರಿಕೊಂಡದ್ದು ಪ್ಲಾಂಟರ ದೊಡ್ಡಮ್ಮ. ತುಂಬಾ ವಯಸ್ಸಾಗಿದ್ದ ಅಜ್ಜಿ. ಸೇಠಾಣಿ ಮಡಿಕೇರಿಯಲ್ಲಿ ನಾವು ಹಾಕಿದ್ದ ಹಾರವನ್ನು ತೆಗೆದುಕೊಂಡು ಹೋಗಿ ಅಜ್ಜಿಯ ಪಾದದ ಹತ್ತಿರ ಇಟ್ಟರು. ನಾನು ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಅಜ್ಜಿಯ ಹಿರಿಮಗ ನನ್ನ ಹತ್ತಿರ ಬಂದರು. ಎರಡು ಏಟು ಬಿದ್ದರೂ ಸರಿಯೇ ಎಂದುಕೊಂಡೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಇರ್ಲಿ ಬಿಡಿ. ಚಪ್ಪಾಳೆ ತಟ್ಟಿಸಿಕೊಂಡು ಹೋದವರು ಈ ಊರಲ್ಲಿ ನಮ್ಮವ್ವ ಒಬ್ರೇ."

ಮರುದಿನ ಕಚೇರಿಯಲ್ಲಿ ಸಾಹೇಬರು ಕಾಯುತ್ತಾ ಕೂತಿದ್ದರು. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಅವರು ಬಿಡಬೇಕಲ್ಲ!

"ಜನ ಸೇರಿದ್ರೇನ್ರೀ?"

"ಇಡೀ ಊರೇ ಸೇರಿತ್ತು ಸಾರ್, ಆದರೆ..."

"ಗುಂಡು ಹಾರಿಸಿದ್ರಾ?"

"ಎರಡು ಹಾರಿಸಿದ್ರು ಸಾರ್. ಅದೇ ಸಾರ್ ನಾನು ಹೇಳೋಕೆ..."

"ಎರಡಾ! ಭೇಷ್!" ಸಾಹೇಬರು ಮೇಜು ಕುಟ್ಟಿದರು. "ಮುಂದಿನ ತಿಂಗಳು ದಿಲ್ಲಿಯಿಂದ ಬರ್ತಾರಲ್ಲ, ಅವರಿಗೂ ಇದೇ ಏರ್ಪಾಡು ಮಾಡಿಸಿ. ಏನೇನೂ ಬದಲಾಯಿಸ್ಬೇಡಿ!"