ಬಿಸಿಲಿಗಿಟ್ಟ ಬೋರ್ಡು

ವಾಟರ್ ಟ್ಯಾಂಕ್ ತುಂಬಿದೊಡನೆ ಮೋಟರ್ ನಿಲ್ಲಿಸುವ, ಸರಿಯಾಗಿಯೇ ಇದ್ದ ಆಟೋಮ್ಯಾಟಿಕ್ ಬೋರ್ಡನ್ನು ಇನ್ನಷ್ಟು ಸರಿ ಮಾಡಲು ಹೋಗಿ ನಾಗಭೂಷಣ್ ಸುಟ್ಟುಹಾಕಿದ್ದ. ಅವನು ಬಾಡಿಗೆಗಿದ್ದ ಬಸವೇಶ್ವರನಗರದ ಮೂರಂತಸ್ತಿನ ಕಟ್ಟಡದ ಓನರ್ ಚಿಕ್ಕಮುನಿಯಪ್ಪ ಬೈಯಲಿಲ್ಲ. "ಹೊಸದು ಬರೋವರ್ಗೂ ಮೋಟರ್ ಆನ್ ಮಾಡಿ, ಟ್ಯಾಂಕ್ ತುಂಬೋ ತನಕ ಸ್ವಿಚ್ ಹತ್ರ ನೀವೇ ನಿಂತ್ಕೊಳ್ಳಿ" ಎಂದರಷ್ಟೆ.

ನಿಂತು ನಿಂತು ನಾಗಭೂಷಣನ ಕಾಲು ಬಾತುಕೊಂಡವು. ಅಂಗಡಿಯಿಂದ ತರಲು ಮಾನ ಅಡ್ಡ ಬಂತು. ಭಾನುವಾರ ತಾನೇ ಬೋರ್ಡು ತಯಾರಿಸುವುದಾಗಿ ಕಟ್ಟಡಕ್ಕೆಲ್ಲ ಸಾರಿದ.

ತಾಮ್ರದ ಹಲಗೆಗೆ ಬೆಳಕು ಸೋಕಿದರೆ ಕೆಡುವ ದ್ರಾವಣ ಬಳಿದು, ಮೇಲೆ ಸರ್ಕ್ಯೂಟಿನ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಸಿಲಿಗೆ ಹಿಡಿಯಬೇಕು. ಗೆರೆಯ ನೆರಳಲ್ಲಿದ್ದ ತಾಮ್ರ ಉಳಿಯುತ್ತದೆ, ಮಿಕ್ಕದ್ದನ್ನು ಆಸಿಡ್ ತಿಂದುಹಾಕುತ್ತದೆ. ಬಳಿಯುವ ಕೆಲಸ ಮಾತ್ರ ಕತ್ತಲಲ್ಲೇ ಆಗಬೇಕು. ನಾಗಭೂಷಣ್ ಬಾತ್‌ರೂಮಿನ ಕಿಟಕಿಗೆ ಕಂಬಳಿ ಕಟ್ಟಿ ಒಳಗೆ ಸೇರಿಕೊಂಡ.

ಪೇಪರ್ ಕೇಳಲು ಬಂದ ಪಕ್ಕದ ಮನೆಯ ಶಂಭುಲಿಂಗಪ್ಪ ಬಾಗಿಲು ತಟ್ಟಿದರು. "ಏನ್ ಸಾರ್, ಕತ್ಲಲ್ಲಿ ಏನ್ ಮಾಡ್ತಿದೀರಾ?"

"ಕತ್ಲೇನೇ ಬೇಕು ಸಾರ್!"

"ಸಂಕೋಚ ಯಾಕೆ? ಸ್ವಿಚ್ಚು ಇಲ್ಲೇ ಹೊರಗಿದೆಯಲ್ಲಾ" ಎಂದು ಟ್ಯೂಬ್‌ಲೈಟ್ ಹಾಕಿಯೇಬಿಟ್ಟರು. ಹಲಗೆ ಕೆಟ್ಟಿತು. ಒಳಗಿನಿಂದ ಕರು ಕಳೆದುಕೊಂಡ ಹಸುವಿನಂಥ ದನಿ ಕೇಳಿಸಿತು.

ಬಾಟಲಿಯ ತಳದಲ್ಲಿದ್ದಷ್ಟನ್ನು ಇನ್ನೊಂದು ಹಲಗೆಗೆ ಬಳಿದು, ಒಣಗಿಸಿ, ಬಾಣಂತಿ ಮನೆಯ ಕೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಹೊರಬಂದ. ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಮೇಲಿನ ಮನೆಯ ವರಲಕ್ಷ್ಮಿ ಆಂಟಿ, ಅವನ ಹೆಂಡತಿ ಸೌಮ್ಯಶ್ರೀಯ ಜೊತೆ ಊಟದ ಮೇಜಿನ ಮುಂದೆ ಕುಳಿತು ಹರಟುತ್ತಿದ್ದರು. ಮೇಜಿನ ಮೇಲೆ ಸಿದ್ಧವಾಗಿದ್ದ ಗೆರೆಯ ಹಾಳೆ, ಅದನ್ನು ಒತ್ತಿಡುವ ಗಾಜು ಎತ್ತಿಕೊಂಡು ಅವನು ಟೆರೇಸಿಗೆ ಓಡಿದ. ಕಾಗೆಯನ್ನೂ ಹತ್ತಿರ ಬಿಡದೆ ಕಾವಲು ಕಾದ.

ಆಸಿಡ್ಡಿನಿಂದ ತೆಗೆದಾಗ ಗೆರೆಗಳು ಕೂದಲೆಳೆಯಷ್ಟೂ ಹರಿದಿರಲಿಲ್ಲ. ಕಟ್ಟಡದವರೆಲ್ಲ ಮೋಟರಿನ ಬಳಿ ಸೇರಿದರು.

"ಮೂಲೇಲಿ ನನ್ನ ಹೆಸರೂ ತಾಮ್ರದಲ್ಲೇ ಮೂಡಿದೆ, ಓದಿ ಸಾರ್" ಎಂದ ನಾಗಭೂಷಣ್.

ಚಿಕ್ಕಮುನಿಯಪ್ಪ ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಇದ್ಯಾವ ಭಾಷೆ ಸಾರ್?"

ನಾಗಭೂಷಣ್ ಬಗ್ಗಿ ನೋಡಿದ. ಕನ್ನಡಿಯಲ್ಲಿ ಕಂಡಂತೆ ಹೆಸರು ತಿರುಗುಮುರುಗಾಗಿತ್ತು. ಹೆಸರಿನ ಜೊತೆ ಇಡೀ ಸರ್ಕ್ಯೂಟೂ ಎಡಬಲ ಅದಲುಬದಲಾಗಿತ್ತು. ಇನ್ನು ಒಂದು ಎಲೆಕ್ಟ್ರಾನಿಕ್ ಚಿಪ್ ಕೂಡ ಅದರಲ್ಲಿ ಕೂರುವಂತಿರಲಿಲ್ಲ.

"ಮೇಜಿನ ಮೇಲಿದ್ದ ಹಾಳೆ ಯಾರು ಮುಟ್ಟಿದ್ದು?"

"ನಾನೇ ಕಣಪ್ಪ" ಎಂದರು ವರಲಕ್ಷ್ಮಿ ಆಂಟಿ. "ಧೂಳಿತ್ತು. ಒರ್ಸಿ, ಕ್ಲೀನಾಗಿರೋ ಕಡೆ ಮೇಲ್ಮಾಡಿ ಇಟ್ಟೆ."

ಚಿಕ್ಕಮುನಿಯಪ್ಪ ಒಳಗೆ ಹೋಗಿ, ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಸ್ವಿಚ್ಚಿನ ಪಕ್ಕದಲ್ಲಿ ಹಾಕಿದರು.