ಬಾತುಕೋಳಿ ಮೂತಿಯವಳ ಕುಬಸ

ಬಾತುಕೋಳಿ ಮೂತಿಯ ಡೈನೋಸಾರ್ ಬೊಂಬೆಯನ್ನು ವ್ಯಾನಿನಲ್ಲಿ ಹೇರಿಕೊಂಡು ಊರೂರು ತಿರುಗುವವನಿಗೆ ಇಂಥವು ಆಗದೆ ಇನ್ನೇನಾಗುತ್ತದೆ? ಹೆಂಡತಿ ತೀರಿಹೋದ ಮೇಲೆ ಆದಿತ್ಯನಗರದ ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ಇದೇ ವಾಸಿ ಎಂದು ಸಂಚಾರಿ ವಿಜ್ಞಾನ ಪ್ರದರ್ಶನದ ಕೆಲಸಕ್ಕೆ ಸೇರಿದೆ. ಜನ ಬೊಂಬೆಯ ಬಗ್ಗೆ ಎಲ್ಲವನ್ನೂ ಕೇಳುತ್ತಾರೆ. ಏನು ತಿನ್ನುತ್ತಿತ್ತು, ಎಲ್ಲಿ ಮಲಗುತ್ತಿತ್ತು. ನನ್ನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಒಬ್ಬರಾದರೂ ಕೇಳಲಿ ಎಂಬ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ.

ಹಲ್ಲು

ಚಿತ್ತಾಪುರದಲ್ಲಿ ವಿವರಿಸುತ್ತಿದ್ದೆ: ಇದರ ಬಾಯಿಯ ಮುಂದೆ ಬರೀ ಕೊಕ್ಕು, ಹಲ್ಲಿಲ್ಲ. ಹಿಂದೆ ಮಾತ್ರ ನೂರಾರು ಹಲ್ಲು. ಸವೆದಂತೆಲ್ಲ ಹೊಸವು ಬರುತ್ತಿದ್ದವು, ಎಂಥ ಸೊಪ್ಪನ್ನೂ ಅರೆದು ತಿನ್ನುತ್ತಿತ್ತು.

ಮುಂದೆ ಕೋಲೂರಿ ನಿಂತಿದ್ದ ಮುತ್ಯಾ ಬಾಯಿ ಅಗಲಿಸಿ ತೋರಿಸಿದ.

"ನಂದು ಮುಂದನೂ ಇಲ್ಲ, ಹಿಂದನೂ ಇಲ್ಲ. ಆದ್ರೂ ಖಡಕ್ ರೊಟ್ಟಿ ತಿಂತೀನಿ. ಅದನ್ಯಾಕ ತಂದೀರಿ, ನನ್ನ ನಿಂದರಸ್ರಿ ಗಾಡ್ಯಾಗ!"

ಕೂಗು

ವಾಡಿಯಲ್ಲಿ ರೈಲ್ವೆ ಸ್ಟೇಷನ್ ಎದುರಿಗೇ ವ್ಯಾನ್ ನಿಲ್ಲಿಸಿದ್ದು ನನ್ನ ತಪ್ಪು. ಗುಂಡಿ ಒತ್ತಿದರೆ ಬೊಂಬೆ ಕೂಗುತ್ತದೆ. ಒತ್ತಿದೆ. ಚಹಾ ಕುಡಿಯುತ್ತಿದ್ದ ಗಂಡ ಹೆಂಡತಿ ರೈಲು ಬಂತೆಂದು ಗಂಟುಮೂಟೆ ಹೊತ್ತು ಓಡಿದರು. ಏದುಸಿರು ಬಿಡುತ್ತ ವಾಪಸು ಬಂದ ಹೆಂಡತಿಗೆ ಸಮಾಧಾನ ಹೇಳಿದೆ: ಇದರ ತಲೆಯ ಮೇಲಿನ ಕೊಂಬು ಒಳಗೆ ಟೊಳ್ಳು, ಗಾಳಿ ಹಾದರೆ ದೊಡ್ಡ ಸದ್ದು.

ಆಕೆ ಗಂಡನ ಕಡೆ ಕೈ ತೋರಿಸಿ ನನಗೆ ಹೇಳಿದಳು. "ತಲಿ ಟೊಳ್ಳ ಇದ್ರ ಒದರಾಟ ಭಾಳರೀ. ನಮ್ಮ ಮನ್ಯಾಗೂ ಒಂದದ. ಅದಕ್ಕ ಗುಂಡಿ ಒತ್ತಾದೂ ಬ್ಯಾಡ."

ಮೊದಲು ನಕ್ಕವನು ಗಂಡನೇ. ಇಬ್ಬರೂ ನಗುತ್ತ ಹೋದರು. ಬೈಯಲಿಕ್ಕಾದರೂ ಮನೆಯಲ್ಲಿ ಒಬ್ಬರು ಬೇಕು ಎನ್ನಿಸಿತು. ಅವತ್ತು ನಾನು ಮತ್ತೆ ಗುಂಡಿ ಒತ್ತಲಿಲ್ಲ.

ಕುಬಸ

ಸೇಡಂ ತಾಲೂಕಿನ ಮುಧೋಳ, ಶಾಲೆಯ ಅಂಗಳ. ಬೊಂಬೆಯ ಮುಂದೆ ಗೂಡು, ಗೂಡಿನ ತುಂಬ ತತ್ತಿ. ಈ ಜಾತಿಯವು ಹಿಂಡಾಗಿ ಗೂಡು ಕಟ್ಟಿ ಮರಿ ಸಾಕುತ್ತಿದ್ದವು ಎಂದೆ. ನೋಡಲು ಬಂದ ಹೆಂಗಸರಲ್ಲಿ ವಾದ ಹತ್ತಿತು.

"ತತ್ತಿ ಹೊರಗ ಬಂದಾವ, ಬಾಣಂತಿ" ಎಂದಳು ಒಬ್ಬಳು.

ಬಿಸಿಯೂಟ ಮಾಡುವ ಆಯಿ ತೀರ್ಪು ಕೊಟ್ಟಳು. "ತತ್ತಿ ಒಡ್ಯಾತನಕ ಬಸರೀನೇ. ಕುಬಸ ಮಾಡ್ಬೇಕು."

ಬೊಂಬೆಗೆ ಸೀಮಂತವೇ? ತಮಾಷೆ ಅಂದುಕೊಂಡೆ. ಮಧ್ಯಾಹ್ನದೊಳಗೆ ಹಸಿರು ಬಳೆ ಬಂದವು. ಕೈಗೆ ಏರಲಿಲ್ಲ, ಕಿರುಬೆರಳಿಗೆ ಹಾಕಿದರು. ತುಂಬಲು ಉಡಿಯಿಲ್ಲ, ಗೂಡಿಗೇ ಅಕ್ಕಿ, ಕೊಬ್ಬರಿ ಸುರಿದರು.

"ತವರುಮನಿಯವ್ರು ಯಾರು?" ಆಯಿ ಕೇಳಿದಳು.

ಎಲ್ಲರೂ ನನ್ನನ್ನೇ ನೋಡಿದರು. ನಮಗೆ ಮಕ್ಕಳಾಗಿರಲಿಲ್ಲ.

"ನಾನೇರಿ. ಅಪ್ಪ" ಎಂದುಬಿಟ್ಟೆ.

"ಮೊದ್ಲೇ ಹೇಳಬಾರದಾ? ಕುಂದ್ರಿ. ಊಟ ಮಾಡ್ದೆ ಹ್ಯಾಂಗ ಹೋಗ್ತೀರಿ?"

ಮೂರನೆಯ ಹೋಳಿಗೆಗೆ ಕಣ್ಣು ಒದ್ದೆಯಾದವು. ಖಾರ ಜಾಸ್ತಿ ಎಂದೆ. ಹೋಳಿಗೆಗೆ ಖಾರ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಹೊರಡುವಾಗ ಆಯಿ ನಂಬರು ಬರೆಸಿಕೊಟ್ಟು, "ಹೆರಿಗಿ ಆದ ಕೂಡ್ಲೆ ಫೋನ್ ಹಚ್ಚರಿ" ಎಂದಳು. ಅಷ್ಟೊತ್ತಿಗೆ ಆಕೆ ತತ್ತಿಗಳನ್ನು ಬೆರಳಿನಿಂದ ಬಡಿದು ನೋಡಿಯಾಗಿತ್ತು. ಫೈಬರಿನವು ಎಂದು ಚೆನ್ನಾಗಿ ಗೊತ್ತಿತ್ತು.

ಒಂದು ತಿಂಗಳು ತಡೆದೆ. ಚಂದಾಪುರದಲ್ಲಿ ಒಂದು ದಿನ ವ್ಯಾನಿನೊಳಗೆ ಒಬ್ಬನೇ ಕೂತಿದ್ದಾಗ ತಡೆಯಲಾಗಲಿಲ್ಲ. ಆಯಿಗೆ ಫೋನ್ ಹಚ್ಚಿ, ಡೈನೋಸಾರಿನ ಅಪ್ಪ ಎಂದೆ.

"ಏನಾತ್ರಿ? ಗಂಡೋ ಹೆಣ್ಣೋ?"

"ಇನ್ನಾ ಆಗಿಲ್ಲರಿ" ಎಂದೆ. ಮತ್ತೆ ಯಾಕೆ ಫೋನ್ ಮಾಡಿದಿರಿ ಎಂದು ಕೇಳುತ್ತಾಳೆ ಅಂದುಕೊಂಡೆ.

ಆಯಿ ಅದನ್ನು ಕೇಳಲಿಲ್ಲ.

"ಚೊಚ್ಚಲ ಅಲ್ಲೇನ್ರಿ, ತಡಾ ಆಗ್ತದ. ನೀವು ದಿನಾ ಫೋನ್ ಹಚ್ಚಿ ಹೇಳ್ರಿ, ಇನ್ನಾ ಆಗಿಲ್ಲಂತ."